ಕಾಲಾಣೆ ಕಾರ್ಡು, ಹೆಳವನ ಎತ್ತು

ವಿಜಯಪುರ ಜಿಲ್ಲೆಯ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿ. ಮೇಲ್ಗಡೆ ಭೀಮಾ ನದಿ, ಕೆಳಗಡೆ ಕೃಷ್ಣಾ ನದಿ, ನಡುವೆ ಡೋಣಿ. ಭೀಮೆಯ ಮಗ್ಗುಲಿಗೆ ಇಂಡಿ ಮತ್ತು ಸಿಂದಗಿ, ಕೃಷ್ಣೆಯ ಮಗ್ಗುಲಿಗೆ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಈಗ ಇವುಗಳನ್ನು ಒಡೆದು ಚಡಚಣ, ಆಲಮೇಲ, ತಾಳಿಕೋಟಿ, ನಿಡಗುಂದಿ ಎಂದು ಹೊಸ ತಾಲೂಕುಗಳನ್ನು ಮಾಡಿದ್ದಾರೆ. ನಾನು ಹಳೆಯ ಮನುಷ್ಯ, ಹಳೆಯ ನಾಲ್ಕು ತಾಲೂಕುಗಳ ಲೆಕ್ಕದಲ್ಲೇ ಹೇಳುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಈ ನಾಲ್ಕೂ ಕಡೆ ಕೆಲಸ ಮಾಡಿದವನು ನಾನು. ಇಲ್ಲಿಯ ಎರೆಮಣ್ಣು, ಬಿಸಿಲು, ಬಿಳಿಜೋಳದ ರೊಟ್ಟಿ ಮೂರೂ ನನಗೆ ಒಗ್ಗಿಹೋಗಿವೆ.

ಕಳೆದ ಬೇಸಿಗೆ ರಜೆಯಲ್ಲಿ ಪುಣೆಯಿಂದ ಮೊಮ್ಮಗಳು ಬಂದಿದ್ದಳು. ಏಳನೆಯ ತರಗತಿ ಮುಗಿಸಿದ ಹುಡುಗಿ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. "ಮುತ್ಯಾ, ಫೋನ್ ಇಲ್ಲದಾಗ ದೂರದ ಊರಿನ ಮಂದಿ ಸುದ್ದಿ ಹೆಂಗ ಗೊತ್ತಾಗತಿತ್ತು?" ಎಂದು ಕೇಳಿದಳು. "ಟಪಾಲು ಬರತಿತ್ತು" ಎಂದೆ. "ಟಪಾಲಿನಕಿಂತ ಮೊದಲ?" ಎಂದಳು. ಆ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳುವುದಕ್ಕಿಂತ ಊರು ತೋರಿಸುವುದೇ ಮೇಲು ಎನ್ನಿಸಿತು. ಒಂದು ನೀರಿನ ಬಾಟಲಿ, ಎರಡು ಟೋಪಿ, ರೊಟ್ಟಿ ಚಟ್ನಿಯ ಬುತ್ತಿ ಕಟ್ಟಿಕೊಂಡು ನಾಲ್ಕು ದಿನ ಬಸ್ಸಿನಲ್ಲಿ ತಿರುಗಿದೆವು.

ಇಂಡಿ ರೋಡ್

ಇಂಡಿ ಎಂದರೆ ಇವತ್ತು ಲಿಂಬೆಹಣ್ಣು. ಇಲ್ಲಿಯ ಲಿಂಬೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಪೇಟೆಯಲ್ಲಿ ಲಿಂಬೆಯ ಚೀಲ ತುಂಬಿದ ಟಂಟಂ ಗಾಡಿಗಳನ್ನು ನೋಡಿ ಮೊಮ್ಮಗಳು ಮೂಗು ಅರಳಿಸಿದಳು. ಆದರೆ ನಾನು ಅವಳಿಗೆ ಮೊದಲು ತೋರಿಸಬೇಕೆಂದದ್ದು ರೈಲು ನಿಲ್ದಾಣ. ಅದರ ಹೆಸರು ಇಂಡಿ ರೋಡ್. ಊರು ಅಲ್ಲಿಂದ ಸಾಕಷ್ಟು ದೂರ. ಬಾಗೇವಾಡಿಗೂ ಇದೇ ಕಥೆ, ನಿಲ್ದಾಣದ ಹೆಸರು ಬಸವನ ಬಾಗೇವಾಡಿ ರೋಡ್. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ಇಲ್ಲ, ಆ ಊರುಗಳಿಗೆ ಇವತ್ತಿಗೂ ರೈಲು ಬಂದಿಲ್ಲ.

ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುವ ಈ ಹಳಿಯನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆಯವರು, 1884ರಲ್ಲಿ. ಆಗ ಅದು ಮೀಟರ್ ಗೇಜ್. ಅದಕ್ಕೂ ಮೊದಲು ನಮ್ಮವರಿಗೆ ಹತ್ತಿರದ ರೈಲು ಎಂದರೆ ಸೊಲ್ಲಾಪುರ. ಮುಂಬೈಯಿಂದ ಅಲ್ಲಿಗೆ 1860ರಲ್ಲಿ ರೈಲು ಬಂದಿತ್ತು. ಇಂಡಿಯಿಂದ ಸೊಲ್ಲಾಪುರಕ್ಕೆ ಚಕ್ಕಡಿ ಹೂಡಿದರೆ ಎರಡು ಮೂರು ದಿನದ ದಾರಿ, ಅದೂ ಭೀಮೆ ತುಂಬಿರದಿದ್ದರೆ.

1877ರಲ್ಲಿ ಸೊಲ್ಲಾಪುರದಲ್ಲಿ ಹತ್ತಿ ಗಿರಣಿ ಶುರುವಾಯಿತು. ಗಿರಣಿಗಳು ಬೆಳೆದಂತೆ ನಮ್ಮ ಕಡೆಯಿಂದಲೂ ದುಡಿಯಲು ಜನ ಹೋದರು. ಹೋದವರ ಸುದ್ದಿ ತರುತ್ತಿದ್ದವರು ಹತ್ತಿ ಹೇರಿಕೊಂಡು ಹೋಗಿ ಖಾಲಿ ಗಾಡಿಯಲ್ಲಿ ಹಿಂದಿರುಗುವ ಚಕ್ಕಡಿಯವರು. "ಇಂಥಾ ಊರಿನ ಇಂಥವರ ಮನಿಗೆ, ನಾ ಆರಾಮ ಅದೀನಿ ಅಂತ ಹೇಳ್ರಿ" ಎಂದು ಗೊತ್ತಿಲ್ಲದವರ ಕೈಯಲ್ಲೂ ಹೇಳಿ ಕಳಿಸುತ್ತಿದ್ದರು. ಹೇಳಿಸಿಕೊಂಡವನು ದಾರಿ ಬಿಟ್ಟು ಎರಡು ಹರದಾರಿ ಸುತ್ತಾದರೂ ಆ ಮನೆಗೆ ಹೋಗಿ ಸುದ್ದಿ ಮುಟ್ಟಿಸಿ, ನೀರು ಬೆಲ್ಲ ಸವಿದು ಹೋಗುತ್ತಿದ್ದ. ಇಂದು ಹೇಳಿಸಿಕೊಂಡವನ ಮನೆಯವರು ನಾಳೆ ಯಾರ ಕೈಯಲ್ಲೋ ಹೇಳಿ ಕಳಿಸಬೇಕಾಗುತ್ತಿತ್ತು. ಹಾಗಾಗಿ ಅದು ಉಪಕಾರವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಸಿಂದಗಿಯ ಗಡಿ

ಸಿಂದಗಿಯಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಪೋಸ್ಟ್ ಮಾಸ್ಟರ್. ನಾವು ಹೋದಾಗ ಪಡಸಾಲೆಯಲ್ಲಿ ಹಾಸಿಗೆ ಹಾಸಿ ಕೂರಿಸಿ, ಚಹಾ ಕೊಟ್ಟು, ಮೊಮ್ಮಗಳಿಗೆ ಟಪಾಲಿನ ಪುರಾಣ ಹೇಳಿದರು. ಅವರು ಹೇಳಿದ್ದನ್ನು ಲೆಕ್ಕದ ಮನುಷ್ಯನಾದ ನಾನು ಬರೆದುಕೊಂಡೆ.

1854ರವರೆಗೆ ಪತ್ರದ ಬೆಲೆ ದೂರದ ಮೇಲೆ ನಿಂತಿತ್ತು. ದೂರ ಹೆಚ್ಚಾದಷ್ಟೂ ಹಣ ಹೆಚ್ಚು. ಬಡವರು ದೂರದಲ್ಲಿದ್ದ ಮಗನಿಗೆ ಪತ್ರ ಹಾಕುವುದು ಕನಸಿನ ಮಾತು. 1854ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಒಂದೇ ದರ ಬಂತು. ಕಾಲು ತೊಲ, ಅಂದರೆ ಸುಮಾರು ಮೂರು ಗ್ರಾಂ ತೂಕದ ಪತ್ರ ಎಲ್ಲಿಗೇ ಹೋಗಲಿ, ಅರ್ಧ ಆಣೆಯ ಸ್ಟಾಂಪು ಸಾಕು. ಮುಂದೆ 1879ರ ಜುಲೈ 1ರಂದು ಪೋಸ್ಟ್ ಕಾರ್ಡು ಬಂತು. ಅದಕ್ಕೆ ಕಾಲಾಣೆ. ಮಕ್ಕಳೇ, ಆಗ ರೂಪಾಯಿಗೆ 16 ಆಣೆ. ಹಾಗಾದರೆ ಒಂದು ರೂಪಾಯಿಗೆ ಎಷ್ಟು ಕಾರ್ಡು? ಮೊಮ್ಮಗಳು ಬೆರಳು ಮಡಿಚದೆ "64" ಎಂದಳು. ಮರುವರ್ಷ, 1880ರಲ್ಲಿ, ಟಪಾಲು ಕಚೇರಿಯಲ್ಲಿ ಮನಿಯಾರ್ಡರು ಶುರುವಾಯಿತು. ಅಲ್ಲಿಯವರೆಗೆ ದೂರದಿಂದ ಹಣ ಕಳಿಸಲು ಸಾಹುಕಾರರ ಹುಂಡಿಯೇ ಮುಖ್ಯ ದಾರಿ. ಗಿರಣಿಯ ಕೂಲಿಯವನಿಗೆ ಹುಂಡಿ ಬರೆದುಕೊಡುವವರು ಯಾರು?

ರೈಲು ಇಲ್ಲದ ಕಡೆ ಟಪಾಲಿನ ಚೀಲ ಹೊತ್ತು ಓಡುವವರಿದ್ದರು. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಗೆಜ್ಜೆಯ ಸದ್ದಿಗೆ ಹಾವು, ತೋಳ ಸರಿಯಲಿ ಎಂದು. ಈಟಿ ಅವು ಸರಿಯದಿದ್ದರೆ ಇರಲಿ ಎಂದು. ಒಬ್ಬ ಐದಾರು ಮೈಲಿ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದ. ಎಷ್ಟೋ ಹಳ್ಳಿಗಳಲ್ಲಿ ಸಾಲಿ ಮಾಸ್ತರರೇ ಟಪಾಲು ಮಾಸ್ತರರು. ಪತ್ರ ಬಂದರೆ ಓದಿ ಹೇಳುವವರೂ ಅವರೇ, ಉತ್ತರ ಬರೆಯುವವರೂ ಅವರೇ. ಯಾಕೆಂದರೆ ನೂರರಲ್ಲಿ ಹತ್ತು ಮಂದಿಗೂ ಓದು ಬರಹ ಇರಲಿಲ್ಲ. ಸರಕಾರದ ಕಾಗದಪತ್ರವೆಲ್ಲ ಬಹುಕಾಲ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಸಾಲಿಗಳಿಗಾಗಿ ದುಡಿದ ಮೇಲೆಯೇ ಹಳ್ಳಿಯ ಹುಡುಗರಿಗೆ ಕನ್ನಡ ಅಕ್ಷರ ಕೈಗೆ ಬಂದದ್ದು.

ಓದು ಬಾರದವರಿಗೆ ಪತ್ರವೇ ಗುರುತು ಹೇಳುತ್ತಿತ್ತು. ಮೂಲೆಗೆ ಅರಿಷಿಣ ಹಚ್ಚಿದ್ದರೆ ಮದುವೆಯೋ ಮುಂಜಿಯೋ. ಮೂಲೆ ಹರಿದಿದ್ದರೆ ಸಾವಿನ ಸುದ್ದಿ. ಟಪಾಲಿನವನ ಕೈಯಲ್ಲಿ ಮೂಲೆ ಹರಿದ ಕಾಗದ ಕಂಡರೆ ಸಾಕು, ಓದುವ ಮೊದಲೇ ಮನೆಯ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಸ್ಟಾಂಪು ಹಚ್ಚದೆ ಕಳಿಸುವ ಬೇರಿಂಗ್ ಪತ್ರದ ಕಥೆಯನ್ನೂ ಗೆಳೆಯರು ಹೇಳಿದರು. ಅದಕ್ಕೆ ಪಡೆಯುವವನು ಇಮ್ಮಡಿ ದುಡ್ಡು ತೆರಬೇಕು. ಚಾಣಾಕ್ಷರು ಲಕೋಟೆಯ ಮೇಲೆಯೇ ಒಂದು ಗುರುತು ಹಾಕಿ ಕಳಿಸುತ್ತಿದ್ದರಂತೆ. ಮನೆಯವರು ಗುರುತು ನೋಡಿ, "ಮಗ ಆರಾಮ ಅದಾನ" ಎಂದು ತಿಳಿದುಕೊಂಡು, "ಈ ಪತ್ರ ನಮಗ ಬ್ಯಾಡ್ರಿ" ಎಂದು ತಿರುಗಿಸಿ ಕಳಿಸುತ್ತಿದ್ದರಂತೆ. "ಅಂದರ ಮಿಸ್ಡ್ ಕಾಲ್!" ಎಂದು ಮೊಮ್ಮಗಳು ಕೈ ತಟ್ಟಿದಳು. ಪೋಸ್ಟ್ ಮಾಸ್ಟರ್ ಸಾಹೇಬರು ಎಷ್ಟೋ ದಿನದ ಮೇಲೆ ಅಷ್ಟು ಜೋರಾಗಿ ನಕ್ಕರು.

ಸಿಂದಗಿಯವರಿಗೆ ಇನ್ನೊಂದು ತೊಡಕಿತ್ತು. ಭೀಮೆ ದಾಟಿದರೆ ಅಫಜಲಪುರ. ಈಗ ಅದು ಕಲಬುರಗಿ ಜಿಲ್ಲೆ, ಬಸ್ಸಿನಲ್ಲಿ ಹೋಗಿ ಬರಬಹುದು. ಆಗ ಅದು ಹೈದರಾಬಾದಿನ ನಿಜಾಮರ ರಾಜ್ಯ. ನಮ್ಮದು ಇಂಗ್ಲಿಷರ ಮುಂಬೈ ಇಲಾಖೆ. ನಿಜಾಮರಿಗೆ ತಮ್ಮದೇ ಟಪಾಲು, 1869ರಿಂದ ತಮ್ಮದೇ ಸ್ಟಾಂಪು, ತಮ್ಮದೇ ಹಾಲಿ ಸಿಕ್ಕಾ ರೂಪಾಯಿ. ಮಗಳನ್ನು ಹೊಳೆಯಾಚೆ ಕೊಟ್ಟವರಿಗೆ ಆಚೆಯ ಊರಿನ ದೀಪ ಈಚೆ ದಂಡೆಗೆ ಕಾಣುತ್ತಿತ್ತು, ಆದರೆ ಸ್ಟಾಂಪೂ ಬೇರೆ, ದುಡ್ಡೂ ಬೇರೆ. ಅಂಥವರು ಟಪಾಲನ್ನು ನೆಚ್ಚದೆ ಸಂತೆಯನ್ನು ನೆಚ್ಚಿದರು. ಸಂತೆಗೆ ಎರಡೂ ದಂಡೆಯವರು ಬರುತ್ತಿದ್ದರು.

ಮುದ್ದೇಬಿಹಾಳದ ಹೊಳೆದಂಡೆ

ಸಿಂದಗಿಯಿಂದ ದಕ್ಷಿಣಕ್ಕೆ ಇಳಿದು ತಾಳಿಕೋಟಿಗೆ ಬಂದೆವು. ಬೇಸಿಗೆಯಾದ್ದರಿಂದ ಡೋಣಿ ಸಣ್ಣಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಇದೇ ಡೋಣಿ ಸೇತುವೆ ಮುಳುಗಿಸಿ ಬಸ್ಸು ನಿಲ್ಲಿಸುತ್ತದೆ. ಸೇತುವೆಯೇ ಇಲ್ಲದ ಕಾಲವನ್ನು ಯೋಚಿಸಿ. ಎರೆಮಣ್ಣಿನಲ್ಲಿ ಗಾಡಿಯ ಗಾಲಿ ಅರ್ಧ ಹೂತುಹೋಗುತ್ತಿತ್ತು. ಕೃಷ್ಣೆ ದಾಟಲು ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಗೋಲು. ಹೊಳೆ ಉಕ್ಕಿದರೆ ಅಂಬಿಗರೂ ದಂಡೆಯಲ್ಲಿ ಕುಳಿತುಬಿಡುತ್ತಿದ್ದರು. ಆಷಾಢ, ಶ್ರಾವಣ ಬಂತೆಂದರೆ ಆಚೆ ದಂಡೆಯ ಮಗಳಿಗೂ ಈಚೆ ದಂಡೆಯ ತಾಯಿಗೂ ನಡುವೆ ನೀರೇ ನೀರು.

ಆದರೆ ನಾಗರ ಪಂಚಮಿ ಬರುವುದೂ ಅದೇ ಶ್ರಾವಣದಲ್ಲಿ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಜೋಕಾಲಿ, ಅಳ್ಳು, ತರತರದ ಉಂಡಿ. ಮೊಮ್ಮಗಳಿಗೆ ಉಂಡಿಯ ಹೆಸರು ಕೇಳಿಯೇ ಬಾಯಲ್ಲಿ ನೀರು. ನಾನು ಅವಳಿಗೆ ಹೇಳಿದ್ದು ಇಷ್ಟು: ಆ ಹಬ್ಬದಲ್ಲಿ ಅಣ್ಣ ಹೋಗುವುದು ಕರೆತರಲು ಮಾತ್ರವಲ್ಲ. ತಂಗಿಯ ಮೈಮೇಲೆ ಎಂಥ ಸೀರೆ ಇದೆ, ಮುಖ ಬಾಡಿದೆಯೋ ಹೇಗೆ, ಅತ್ತೆ ಮನೆಯಲ್ಲಿ ಅವಳಿಗೆ ಹೊಟ್ಟೆ ತುಂಬ ಊಟ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ಕಣ್ಣಾರೆ ನೋಡಿ ಬರುವುದು. ಅಕ್ಷರ ಬಾರದ ಹೆಣ್ಣುಮಗಳು ಮಾಸ್ತರರ ಕೈಯಲ್ಲಿ ಬರೆಸುವ ಪತ್ರದಲ್ಲಿ ಅತ್ತೆಯ ಮಾತು ಹೇಗೆ ಬರೆಸಿಯಾಳು? ವರ್ಷಕ್ಕೊಮ್ಮೆ ಅಣ್ಣ ಬಂದು ನಿಲ್ಲುವುದೇ ಅವಳಿಗೆ ಆಸರೆ.

ನಡುವಿನ ದಿನಗಳಲ್ಲಿ ಬಳೆಗಾರ ಬರುತ್ತಿದ್ದ. ಊರೂರು ತಿರುಗುವ ಅವನನ್ನು ಹೆಂಗಸರು ಒಳಗೆ ಕೂರಿಸಿ ಮಾತಾಡಿಸುತ್ತಿದ್ದರು. ಬಳೆ ಇಡಿಸಿಕೊಳ್ಳುವ ಹೊತ್ತಿನಲ್ಲಿ ತವರಿನ ಸುದ್ದಿಯೆಲ್ಲ ಕೈ ಸೇರುತ್ತಿತ್ತು. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು ದಾರಿಯ ಊರುಗಳಲ್ಲಿ ಹೇಳಿಕೆ ಕೊಟ್ಟು ಹೋಗುತ್ತಿದ್ದರು. ಕೃಷ್ಣೆಯ ದಂಡೆಯ ಯಲಗೂರಿನ ಹಣಮಪ್ಪನ ಜಾತ್ರೆಗೆ ಎರಡೂ ದಂಡೆಯ ಬೀಗರು ಸೇರುತ್ತಿದ್ದರು. "ಯಲಗೂರಾಗ ಭೆಟ್ಟಿ ಆಗೂಣು" ಎಂದು ಹೇಳಿ ಕಳಿಸಿದರೆ ಅದೇ ತಾರೀಖು, ಅದೇ ವಿಳಾಸ.

ಬಾಗೇವಾಡಿ ಸೀಮೆಯಲ್ಲಿ

ನಾಲ್ಕನೆಯ ದಿನ ಬಸವನ ಬಾಗೇವಾಡಿ. 12ನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಕೈಮುಗಿದು, ಅಲ್ಲಿಂದ ನಮ್ಮ ಮೂಲ ಹಳ್ಳಿಗೆ ಹೋದೆವು. ಅಲ್ಲಿ ಅಣ್ಣನ ಮಗನ ಮನೆಯಿದೆ. ಸುಗ್ಗಿ ಮುಗಿದು ರಾಶಿ ಮನೆಗೆ ಬಂದಿತ್ತು. ನಮ್ಮ ಪುಣ್ಯ, ಅದೇ ದಿನ ನಮ್ಮ ಮನೆತನದ ಹೆಳವರು ಊರಿಗೆ ಬಂದಿದ್ದರು.

ಮಕ್ಕಳಿಗೆ ಹೆಳವರ ವಿಷಯ ಹೇಳಬೇಕು. ಮನೆತನಗಳ ವಂಶಾವಳಿಯನ್ನು ನೆನಪಿಟ್ಟು ಹೇಳುವುದು ಅವರ ಕುಲಕಸುಬು. ಹೆಳವ ಎಂದರೆ ಕುಂಟ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಊರೂರಿಗೆ ಹೋಗಿ ಭಕ್ತರ ವಂಶ ಹೇಳಿ ಬದುಕು ಎಂದರು ಎಂಬ ಕಥೆಯಿದೆ. ಹಿಂದೆ ಅವರು ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಸುತ್ತಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಮನೆತನಗಳೆಂದು ಹಂಚಿಕೆ. ಕೆಲವು ವರ್ಷಗಳಿಗೊಮ್ಮೆ ಬಂದು, ಜಗುಲಿಯಲ್ಲಿ ಕುಳಿತು, ಮೂಲಪುರುಷನಿಂದ ಹಿಡಿದು ಇಂದಿನವರೆಗೆ ಹೆಸರುಗಳನ್ನು ಹೇಳುತ್ತಾರೆ. ಮೂಲ ಊರು ಯಾವುದು, ಯಾವ ಅಣ್ಣ ತಮ್ಮ ಯಾವ ಊರಿಗೆ ಹೋದ, ಎಲ್ಲ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಜೋಳ, ಬಟ್ಟೆ, ಅನುಕೂಲವಿದ್ದವರು ದನಕರು ಕೊಟ್ಟು ಕಳಿಸುತ್ತಾರೆ. ಆಸ್ತಿಯ ಜಗಳ ಬಂದಾಗ ಊರಿನ ಹಿರಿಯರು ಹೆಳವರ ಮಾತು ಕೇಳುವ ರೂಢಿಯೂ ಇತ್ತು. ಬ್ಯಾಂಕಿನಲ್ಲಿ ಖಾತೆದಾರ ತೀರಿಕೊಂಡಾಗ ವಾರಸುದಾರರಿಂದ ನಾವು ವಂಶಾವಳಿ ಕೇಳುತ್ತಿದ್ದೆವು. ಅದಕ್ಕಾಗಿ ಅವರು ಕಚೇರಿಗೆ ಅಲೆಯುವುದನ್ನು ನೋಡಿದಾಗಲೆಲ್ಲ ನನಗೆ ಹೆಳವರ ನೆನಪಾಗುತ್ತಿತ್ತು.

ಈಗ ಅವರು ಬಂದದ್ದು ಮೋಟರ್ ಸೈಕಲ್ ಮೇಲೆ. ಚೀಲದಲ್ಲಿ ದಪ್ಪ ರಟ್ಟಿನ ಪುಸ್ತಕ. ಜಗುಲಿಯಲ್ಲಿ ಕುಳಿತು, ನೀರು ಕುಡಿದು, "ಮನಿತನ ಹೇಳ್ಲ್ಯಾ ಯಜಮಾನ್ರ?" ಎಂದು ಶುರು ಮಾಡಿದರು. ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಐದನೆಯ ಹೆಸರಿಗೆ ಬಂದಾಗ ಹೇಳಿದರು: "ಇವಗ ಇಬ್ಬರು ಗಂಡುಮಕ್ಕಳ್ರಿ. ಹಿರೇ ಮಗ ಬರದಾಗ ಮೂಡಲ ಬಿಟ್ಟು ಅಕ್ಕಲಕೋಟಿ ಕಡಿ ಹ್ವಾದ. ಸಣ್ಣಾವ ಇಲ್ಲೇ ಉಳದ." ಸಣ್ಣವನು ನನ್ನ ಮುತ್ಯಾನ ತಂದೆ. ಈ ಕಥೆಯನ್ನು ನನ್ನ ಮುತ್ಯಾ ನನಗೆ ಹೇಳಿದ್ದ.

ಆ ಬರ 1876ರಿಂದ 1878ರ ಬರ. ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರು, ಆ ಸಂವತ್ಸರಗಳ ಹೆಸರಿನಿಂದ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. ಮುಖ್ಯ ಕಚೇರಿ ವಿಜಯಪುರಕ್ಕೆ ಬಂದದ್ದು 1885ರಲ್ಲಿ. 1872ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ 6 ಲಕ್ಷ 40 ಸಾವಿರಕ್ಕೂ ಕಡಿಮೆ. ಐದು ಜನರಲ್ಲಿ ಒಬ್ಬರು ಇಲ್ಲ. ಸತ್ತವರು ಬಹಳ, ಊರು ಬಿಟ್ಟವರೂ ಬಹಳ. ಯಾರು ಸತ್ತರು, ಯಾರು ಎಲ್ಲೋ ಬದುಕಿದ್ದಾರೆ ಎಂದು ಮನೆಯವರಿಗೆ ಹೇಳುವ ದಾಖಲೆ ಎಲ್ಲಿಯೂ ಇರಲಿಲ್ಲ.

ಆ ಮನೆಯ ತಾಯಿ ಹಿರಿಯ ಮಗನ ದಾರಿ ಕಾದಳು. ಬರ ಮುಗಿದ ಮರುವರ್ಷವೇ ಕಾಲಾಣೆಯ ಕಾರ್ಡು ಬಂತು. ಆರು ವರ್ಷಕ್ಕೆ ಹತ್ತಿರದಲ್ಲೇ ರೈಲೂ ಬಂತು. ಆದರೆ ಕಾರ್ಡಿನ ಮೇಲೆ ಯಾವ ಊರು ಬರೆಯುವುದು? ರೈಲಿನಲ್ಲಿ ಎಲ್ಲಿಗೆ ಟಿಕೀಟು ತೆಗೆಸುವುದು? ಪಂಚಮಿಗೊಮ್ಮೆ ಅವನ ಪಾಲಿನ ಉಂಡಿಯನ್ನು ಎತ್ತಿಟ್ಟು, ಮರುದಿನ ದನ ಕಾಯುವ ಹುಡುಗರಿಗೆ ಕೊಟ್ಟುಬಿಡುತ್ತಿದ್ದಳಂತೆ. ಹೀಗೆ ಎಷ್ಟೋ ಪಂಚಮಿಗಳು ಹೋದವು.

ಕೊನೆಗೆ ಸುದ್ದಿ ತಂದದ್ದು ಹೆಳವ. ಅಕ್ಕಲಕೋಟೆಯ ಸೀಮೆಯಲ್ಲೂ ಕನ್ನಡದ ಮನೆತನಗಳಿವೆ. ಅಲ್ಲಿಗೆ ತಿರುಗಲು ಹೋದಾಗ ಒಬ್ಬ ರೈತ ತನ್ನ ಮೂಲ ಊರಿನ ಹೆಸರು ಹೇಳಿದನಂತೆ. ಹೆಳವ ಅಲ್ಲೇ ಅವನ ಏಳು ತಲೆಮಾರು ಹೇಳಿ, "ನಿನ್ನ ತಮ್ಮ ಅದಾನ, ಹೊಲ ಅದ, ಮನಿ ನಿಂತದ" ಎಂದನಂತೆ. ನಮ್ಮ ಊರಿಗೆ ಬಂದು ಆ ಹಳ್ಳಿಯ ಹೆಸರು ಹೇಳಿದ. ಮಾಸ್ತರರ ಕೈಯಲ್ಲಿ ಕಾರ್ಡು ಬರೆಸಿ ಹಾಕಿದರು. ಉತ್ತರ ಬಂತು. ಶ್ರಾವಣದಲ್ಲಿ ಬಸವಣ್ಣನ ಜಾತ್ರೆಗೆ ಅಣ್ಣ ರೈಲಿನಲ್ಲಿ ಬಂದಿಳಿದ. ಹೋದಾಗ ಮೀಸೆ ಮೂಡದ ಹುಡುಗ, ಬಂದಾಗ ತಲೆ ನರೆತಿತ್ತು. ತಾಯಿ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ತಮ್ಮನ ಹೆಂಡತಿ ಆ ವರ್ಷದ ಉಂಡಿಯನ್ನು ಅವನ ಕೈಗೆ ಕೊಟ್ಟಳು ಎಂದು ಹೇಳುವಾಗ ನನ್ನ ಮುತ್ಯಾ ಸುಮ್ಮನಾಗಿಬಿಡುತ್ತಿದ್ದ.

ಟಪಾಲು ಬಂದ ಮೇಲೆ ಹೆಳವನ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಟಪಾಲಿಗೆ ವಿಳಾಸ ಬೇಕು, ಆ ವಿಳಾಸ ಇದ್ದದ್ದು ಹೆಳವನ ಹತ್ತಿರ. ಈಗಲೂ ಅಷ್ಟೇ. ನನ್ನ ಮೊಬೈಲಿನಲ್ಲಿ ನಾನೂರು ನಂಬರುಗಳಿವೆ. ಅಕ್ಕಲಕೋಟೆ ಕಡೆಯ ಆ ಮನೆತನದ ಮಕ್ಕಳ ಹೆಸರು ಅದರಲ್ಲಿಲ್ಲ. ಆ ಹೆಸರುಗಳು ಹೆಳವರ ಪುಸ್ತಕದಲ್ಲಿದ್ದವು, ಹೋದ ವರ್ಷ ಹುಟ್ಟಿದ ಕೂಸಿನ ಹೆಸರಿನವರೆಗೆ. "ನಿಮ್ಮ ಮಗ ಇದನ್ನ ನಡಸ್ತಾನೇನ್ರಿ?" ಎಂದು ಕೇಳಿದೆ. "ಅವ ಬೆಂಗಳೂರಾಗ ಕಂಪನ್ಯಾಗ ಅದಾನ್ರಿ. ಪುಸ್ತಕ ಏನೋ ಉಳೀತದ, ತಿರಗವ್ರು ಯಾರು?" ಎಂದರು.

ಅಷ್ಟರಲ್ಲಿ ಮೊಮ್ಮಗಳು ಪುಸ್ತಕ ಇಣುಕಿ ನೋಡಿದಳು. ನನ್ನ ಮಗನ ಹೆಸರಿನ ಕೆಳಗೆ ಅವಳ ತಮ್ಮನ ಹೆಸರಿತ್ತು. "ನನ್ನ ಹೆಸರು?" ಎಂದಳು. ನಾನು ಅವತ್ತು ಕೇಳಿದ ವಂಶಾವಳಿಯಲ್ಲಿ ಒಂದೂ ಹೆಣ್ಣುಮಗಳ ಹೆಸರಿರಲಿಲ್ಲ. ದಾರಿ ಕಾದ ಆ ತಾಯಿಯ ಹೆಸರೂ ಇರಲಿಲ್ಲ. ಹೆಳವರು ಒಂದು ಕ್ಷಣ ನನ್ನ ಮುಖ ನೋಡಿದರು. "ಬರೀರಿ" ಎಂದೆ. "ನಮ್ಮ ಮುತ್ಯಾನ ಕಾಲದಾಗ ಬರೀತಿರಲಿಲ್ರಿ. ಈಗ ಬರದ್ರ ತಪ್ಪೇನದ" ಎಂದು ಪೆನ್ನು ತೆಗೆದು ಅವಳ ಹೆಸರು ಬರೆದರು. ಅವಳು ಒತ್ತಕ್ಷರ ಸರಿಯಾಗಿದೆಯೇ ಎಂದು ಬೆರಳಿಟ್ಟು ಓದಿದಳು. ಜೋಳದ ಜೊತೆಗೆ ಒಂದು ಹೊಸ ಧೋತರ ಕೊಟ್ಟು ಅವರನ್ನು ಕಳಿಸಿದೆವು.

ಓದುವ ಮಕ್ಕಳೇ, ನಿಮ್ಮಲ್ಲಿ ಎಲ್ಲರ ಮನೆಗೂ ಹೆಳವರು ಬರುವುದಿಲ್ಲ. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಅಜ್ಜ ಅಜ್ಜಿಯ ಬಳಿ ಕುಳಿತು ಅವರ ಅಪ್ಪ, ಅವ್ವ, ಅಣ್ಣ ತಮ್ಮ, ಅಕ್ಕ ತಂಗಿಯರ ಹೆಸರು ಕೇಳಿ ಒಂದು ನೋಟ್ ಬುಕ್ಕಿನಲ್ಲಿ ಬರೆಯಿರಿ. ಹೆಸರಿನ ಮುಂದೆ ಊರು ಬರೆಯುವುದನ್ನು ಮರೆಯಬೇಡಿ. ಫೋನ್ ನಂಬರು ಬದಲಾಗುತ್ತದೆ, ಮೂಲ ಊರು ಬದಲಾಗುವುದಿಲ್ಲ. ಹೆಣ್ಣುಮಕ್ಕಳ ಹೆಸರನ್ನೂ, ಅವರನ್ನು ಕೊಟ್ಟ ಊರನ್ನೂ ಬರೆಯಿರಿ. ಅಜ್ಜ ಅಜ್ಜಿಯಂದಿರೇ, ಮಕ್ಕಳು ಕೇಳುವವರೆಗೆ ಕಾಯಬೇಡಿ, ನೀವೇ ಕರೆದು ಹೇಳಿ.

ಮರುದಿನ ನಾವು ಟಪಾಲು ಕಚೇರಿಗೆ ಹೋಗಿ ಪೋಸ್ಟ್ ಕಾರ್ಡು ಕೊಂಡೆವು. ಬೆಲೆ 50 ಪೈಸೆ. ಚಿಲ್ಲರೆ ಇಲ್ಲವೆಂದು ಹತ್ತು ಕಾರ್ಡು ತೆಗೆದುಕೊಳ್ಳಬೇಕಾಯಿತು. ಹೆಳವರು ಹೇಳಿದ ಊರಿನ ಹೆಸರನ್ನು "ಮು. ಪೋ." ಎಂಬುದರ ಮುಂದೆ ಹೇಗೆ ಬರೆಯಬೇಕೆಂದು ಮೊಮ್ಮಗಳಿಗೆ ತೋರಿಸಿದೆ. ಒಳಗೆ ಏನು ಬರೆಯಬೇಕೆಂದು ಅವಳು ಕೇಳಲಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಮುತ್ಯಾನ ಹೆಸರು, ಹಳ್ಳಿಯ ಹೆಸರು ಬರೆದು, ಕೆಳಗೆ "ನಾವೆಲ್ಲ ಆರಾಮ ಇದ್ದೇವೆ, ಪಂಚಮಿಗೆ ಬರ್ರಿ" ಎಂದು ಬರೆದಳು.